ತಾಳೆಯಾದ ತಪ್ಪು

ನೆಲದ ಏರುತಗ್ಗು ಅಳೆಯುವ ಹಳೆಯ ಡಂಪಿ ಲೆವೆಲ್ಲಿನ ದುರ್ಬೀನಿನಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತದೆ. ಸ್ಟಾಫ್, ಅಂದರೆ ಅಳತೆಕೋಲು, ಹಿಡಿದು ನಿಂತ ಖಲಾಸಿಯ ಕಾಲು ಮೇಲೆ, ತಲೆ ಕೆಳಗೆ. ಹುಣಿಸೇಮರ ಆಕಾಶದಿಂದ ಇಳಿಬಿದ್ದಿರುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಜೂನಿಯರ್ ಇಂಜಿನಿಯರ್ ಆಗಿ ಸೇರಿದಾಗ ನಮ್ಮ ಉಪವಿಭಾಗದಲ್ಲಿದ್ದದ್ದು ಅಂಥದೊಂದೇ ಉಪಕರಣ. ಸ್ಟಾಫಿನ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದುವುದೇ ಹೊಸಬರಿಗೆ ಮೊದಲ ಪಾಠ. ಕೆಲವೇ ದಿನಗಳಲ್ಲಿ ಕಣ್ಣು ಪಳಗುತ್ತದೆ. ಪಳಗಿದ ಮೇಲೆ, ಕಾಣುತ್ತಿರುವುದು ತಲೆಕೆಳಗು ಎಂಬುದೇ ನೆನಪಿರುವುದಿಲ್ಲ.

ನಮ್ಮ ಎ.ಇ.ಇ. (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಸಾಹೇಬರು ಈ ವಿದ್ಯೆಯಲ್ಲಿ ಎತ್ತಿದ ಕೈ. ಕಾಲುವೆಯ ಅಗಲ, ಆಳ, ಇಳಿಜಾರು ಹೇಳಿದರೆ ಸಾಕು, ಎಷ್ಟು ಕ್ಯೂಸೆಕ್ಸ್ ಹರಿಯುತ್ತದೆಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದರು. ಕ್ಯಾಲ್ಕ್ಯುಲೇಟರ್ ಬಂದಿದ್ದರೂ ಡ್ರಾಯರಿನಲ್ಲಿ ಸ್ಲೈಡ್‌ರೂಲ್ ಇಟ್ಟುಕೊಂಡಿದ್ದರು. ಗುತ್ತಿಗೆದಾರರ ಜೀಪು ಹತ್ತಿದವರಲ್ಲ, ಅವರ ಕಾಫಿ ಕುಡಿದವರಲ್ಲ. ಸೈಟಿಗೆ ಹೊರಟರೆ ಬುತ್ತಿ ಮನೆಯದೇ. ಅಂಥವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪುಣ್ಯ ಎಂದು ಈಗಲೂ ಹೇಳುತ್ತೇನೆ. ಮುಂದೆ ಹೇಳಲಿರುವುದು ಅವರನ್ನು ಹಂಗಿಸುವುದಕ್ಕಲ್ಲ.

ನಮ್ಮದು ಬಯಲುಸೀಮೆಯ ತಾಲ್ಲೂಕು. ಈ ಕಡೆ ಹೊಸ ಕೆರೆ ಕಟ್ಟುವ ಕೆಲಸ ಇಂಜಿನಿಯರಿಗೆ ಸಿಗುವುದೇ ಅಪರೂಪ. ಮೈಸೂರು ಸೀಮೆಯಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕಬೇಕಾದರೆ ಸಾಕಷ್ಟು ಜಾಣತನ ಬೇಕು ಎಂಬರ್ಥದ ಮಾತನ್ನು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಬರೆದಿದ್ದರು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಇರುವುದು ಅವರದೇ ಹೆಸರು. ಹಿಂದಿನವರು ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವ ಹಾಗೆ ಸಾಲುಸಾಲಾಗಿ ಕಟ್ಟಿಟ್ಟು ಹೋಗಿದ್ದಾರೆ. ನಮಗೆ ಉಳಿದದ್ದು ಏರಿ ಭದ್ರಪಡಿಸುವುದು, ತೂಬು ರಿಪೇರಿ, ಸಾಲಿಗೆ ಸೇರದೆ ಪಕ್ಕದಲ್ಲಿ ಒಣಗಿ ಕೂತ ಕೆರೆಗೊಂದು ಕಾಲುವೆ ತೋಡುವುದು, ಇಷ್ಟೆ.

ಅಂಥದೊಂದು ಕೆರೆಯ ಊರಿನ ನೀರಗಂಟಿಯನ್ನು ಎಲ್ಲರೂ ತೂಬಿನಜ್ಜ ಎನ್ನುತ್ತಿದ್ದರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಮನೆತನದ ಕೆಲಸ. ಓದು ಬರಹ ಇರಲಿಲ್ಲ. ಕತ್ತಲಲ್ಲಿ ಕಾಲುವೆಯ ಸದ್ದು ಕೇಳಿ ಎಲ್ಲಿ ಯಾರು ಮಡೆ ಒಡೆದಿದ್ದಾರೆಂದು ಹೇಳಬಲ್ಲವನಾಗಿದ್ದ.

ನಾನು ಸೇರಿದ ವರ್ಷ ಅಲ್ಲಿ ಗುಡ್ಡದ ಮಗ್ಗುಲಿಗೆ ಒಂದು ಕಾಲುವೆ ಹಿಡಿದೆವು. ಸರ್ವೆ ನಡೆಯುವಾಗ ಊರಿನ ಹತ್ತಾರು ಜನ ಸುತ್ತ ನಿಂತಿದ್ದರು. ಅವರಿಗೆಲ್ಲ ಒಂದೇ ಅನುಮಾನ. ಕಾಲುವೆ ಹೋಗಬೇಕಾದ ದಿಕ್ಕು ಏರಾಗಿ ಕಾಣುತ್ತಿತ್ತು. ತೂಬಿನಜ್ಜ ಮುಂದೆ ಬಂದು ಹೇಳಿಯೇ ಹೇಳಿದ.

“ಬುದ್ಧಿ, ಇಲ್ಲಿಂದ ಅಲ್ಲಿಗೆ ಏರು. ನೀರು ಹತ್ತಾಕಿಲ್ಲ.”

ಸಾಹೇಬರು ನಕ್ಕು, “ಬಾರಪ್ಪ, ನೀನೇ ನೋಡು” ಎಂದು ಲೆವೆಲ್ಲಿಗೆ ಕಣ್ಣು ಇಡಿಸಿದರು. ಅಜ್ಜ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ಅಂದ.

“ಎಲ್ಲಾ ತಲೆಕೆಳಗಾಗಿ ಕಾಣ್ತದಲ್ಲ! ಇದ್ರಾಗೆ ನೋಡುದ್ರೆ ನೀರು ಗುಡ್ಡಾನೂ ಹತ್ತತದೆ ಬಿಡಿ.”

ಜನ ಗೊಳ್ಳೆಂದು ನಕ್ಕರು. ಖಲಾಸಿಯೂ ಸ್ಟಾಫ್ ಅಲ್ಲಾಡುವ ಹಾಗೆ ನಕ್ಕ. ಸಾಹೇಬರು ನಗಲಿಲ್ಲ.

ಆದರೆ ಆ ಸಲ ಸರಿಯಿದ್ದದ್ದು ಸಾಹೇಬರೇ. ಗುಡ್ಡದ ಮಗ್ಗುಲಲ್ಲಿ ಹೋಗುವ ಕಾಲುವೆ ಇಳಿಯುವುದು ಬಹಳ ನಿಧಾನ. ಮೈಲಿಗೆ ಎರಡು ಮೂರು ಅಡಿ ಇಳಿದರೆ ಹೆಚ್ಚು. ಅದರ ಪಕ್ಕದ ಹಳ್ಳವಾದರೋ ದಡದಡನೆ ಇಳಿಯುತ್ತದೆ. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಿಧಾನವಾಗಿ ಇಳಿಯುವುದು ಏರುತ್ತಿರುವಂತೆ ತೋರುತ್ತದೆ. ಬರಿಗಣ್ಣಿಗೆ ಇದು ಬಗೆಹರಿಯುವುದಿಲ್ಲ, ಎಷ್ಟು ವರ್ಷ ನೀರು ಕಟ್ಟಿದ ಕಣ್ಣಾದರೂ ಸರಿ. ಕಾಲುವೆ ಮುಗಿದು ನೀರು ಬಿಟ್ಟ ದಿನ ಊರಿಗೆ ಊರೇ ನೆರೆದಿತ್ತು. ನೀರು ಕಸಕಡ್ಡಿ, ನೊರೆ, ಒಣಗಿದ ಎಲೆ ತಳ್ಳಿಕೊಂಡು ಗುಡ್ಡದ ತಿರುವು ದಾಟಿ ಹೋಯಿತು. ಮಕ್ಕಳು ಅದರ ಜೊತೆ ಓಡಿದರು. ಸಾಹೇಬರು ತೂಬಿನಜ್ಜನನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಏನಪ್ಪ, ನನ್ನ ಗಾಜು ಸರಿಯೋ, ನಿನ್ನ ಕಣ್ಣು ಸರಿಯೋ?”

ಮತ್ತೆ ಜನ ನಕ್ಕರು, ಈ ಸಲ ಅಜ್ಜನನ್ನು ನೋಡಿ. ಅವನೂ ನಕ್ಕ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಹಿಂದೆ ಸರಿದ. ಹಳೆಯ ಲೆಕ್ಕ ಚುಕ್ತಾ ಆಯಿತೆಂದು ನನಗೂ ಅನಿಸಿತು.

ಎರಡನೆಯ ಕೆಲಸ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ. ಅದೇ ಕೆರೆಯ ಕೋಡಿ ನೀರು ಹೋಗುವ ಹಳ್ಳಕ್ಕೆ ಒಂದು ಸಣ್ಣ ಪಿಕಪ್, ಅಂದರೆ ನೀರು ತಡೆದು ತಿರುಗಿಸುವ ಅಡ್ಡಗಟ್ಟೆ, ಮೊದಲೇ ಕಟ್ಟಿದ್ದರು. ಅಲ್ಲಿಂದ ಕಾಲುವೆ ತೆಗೆದು ಪಕ್ಕದ ಒಣಕೆರೆಗೆ ನೀರು ಒಯ್ಯಬೇಕು. ಸರ್ವೆಯ ಹೊತ್ತಿಗೆ ನನ್ನನ್ನು ಬರಗಾಲದ ಕಾಮಗಾರಿಗೆಂದು ಬೇರೆ ತಾಲ್ಲೂಕಿಗೆ ಡೆಪ್ಯುಟೇಷನ್ ಮೇಲೆ ಹಾಕಿದ್ದರು. ಲೆವೆಲ್ ಸಾಹೇಬರೇ ಖುದ್ದಾಗಿ ತೆಗೆದರು. ನಾನು ವಾಪಸು ಬರುವಾಗ ಅಗೆತ ಮುಗಿದು, ಮಳೆ ಬಿದ್ದು, ಕೋಡಿ ಹರಿದು, ಪಿಕಪ್ ತುಂಬಿ ತುಳುಕುತ್ತಿತ್ತು. ಕಾಲುವೆಯಲ್ಲಿ ಮಾತ್ರ ಒಂದೂವರೆ ಅಡಿ ಆಳ ಹರಿಯಬೇಕಿದ್ದ ನೀರು ಅರ್ಧ ಅಡಿಯಷ್ಟೇ ಒಳಗೆ ಬರುತ್ತಿತ್ತು. ಅದೂ ಒಂದೆರಡು ಫರ್ಲಾಂಗ್ ಹೋಗುವಷ್ಟರಲ್ಲಿ ಹೊಸ ಮಣ್ಣಿನಲ್ಲಿ ಇಂಗಿಹೋಗುತ್ತಿತ್ತು.

ಆಫೀಸಿನಲ್ಲಿ ಕೂತು ಸಾಹೇಬರು ಲೆವೆಲ್ ಬುಕ್ಕನ್ನು ಮೂರು ನಾಲ್ಕು ಸಲ ತಾಳೆ ನೋಡಿದರು. ಬ್ಯಾಕ್‌ಸೈಟುಗಳ ಮೊತ್ತದಲ್ಲಿ ಫೋರ್‌ಸೈಟುಗಳ ಮೊತ್ತ ಕಳೆದರೆ ಮೊದಲ ಮತ್ತು ಕೊನೆಯ ಮಟ್ಟಗಳ ಅಂತರ ಬರಬೇಕು. ಬಂತು. ಇನ್ನೂ ದೊಡ್ಡ ಪರೀಕ್ಷೆ, ಹೊರಟ ಬೆಂಚ್‌ಮಾರ್ಕಿಗೇ, ಅಂದರೆ ಮಟ್ಟ ಮೊದಲೇ ಗೊತ್ತಿರುವ ಗುರುತಿಗೇ, ಸುತ್ತಿ ಬಂದು ಮುಗಿಸುವುದು. ಅದನ್ನೂ ಮಾಡಿದ್ದರು. ಅಷ್ಟು ದೂರ ಹೋಗಿ ಬಂದರೂ ವ್ಯತ್ಯಾಸ ಕೆಲವೇ ಮಿಲಿಮೀಟರ್. ಪಾಠಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದ ಸರ್ವೆ. “ನೀರು ಬರಲೇಬೇಕು” ಎಂದರು ಸಾಹೇಬರು. ನೀರು ಬಂದಿರಲಿಲ್ಲ.

ನಾನು ಪಿಕಪ್ ಹತ್ತಿರ ಹೋದಾಗ ತೂಬಿನಜ್ಜ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ನನ್ನ ಕಂಡು ಬೀಡಿ ಎಸೆದು ಎದ್ದ. ಸುಮ್ಮನೆ ಮಾತಿಗೆ, ಏನಾಗಿರಬಹುದು ಅಜ್ಜ ಎಂದೆ. ಅವನು ಕೆರೆಯ ಕಡೆ ಕೈ ಮಾಡಿದ.

“ತೂಬಿನ ಮೆಟ್ಲು ಕಲ್ಲು ಐತಲ್ಲ ಸ್ವಾಮಿ, ಬಾಣದ ಗುರ್ತು ಕೆತ್ತಿರೋದು. ರಿಪೇರಿ ಟೇಮಲ್ಲಿ ಅದನ್ನ ಎತ್ತಿ, ಅಡಿಗೆ ಕಾಂಕ್ರೀಟ್ ಹಾಕಿ, ಮತ್ತೆ ಕೂರ್ಸವ್ರೆ. ಮೊದ್ಲಿದ್ದಂಗಿಲ್ಲ.”

ಬೆಂಚ್‌ಮಾರ್ಕ್ ಇದ್ದದ್ದು ಆ ಕಲ್ಲಿನ ಮೇಲೆ.

ಸಂಗತಿ ಇಷ್ಟೆ. ಪಿಕಪ್ ಕಟ್ಟಿದಾಗ ಆ ಕಲ್ಲು ಹಳೆಯ ಜಾಗದಲ್ಲಿತ್ತು, ಪಿಕಪ್ಪಿನ ನೆತ್ತಿಯ ಮಟ್ಟ ಡ್ರಾಯಿಂಗಿನಲ್ಲಿ ಬರೆದದ್ದು ಆ ಲೆಕ್ಕದಿಂದ. ಆಮೇಲೆ ಕಲ್ಲು ಮೇಲೆದ್ದಿತು. ಸಾಹೇಬರು ಎದ್ದ ಕಲ್ಲಿನಿಂದ ಹೊರಟು ಕಾಲುವೆಯ ಮಟ್ಟಗಳನ್ನೆಲ್ಲ ಹಾಕಿದರು, ಪಿಕಪ್ಪಿನ ಮಟ್ಟವನ್ನು ಮಾತ್ರ ಡ್ರಾಯಿಂಗಿನಿಂದ ಎತ್ತಿಕೊಂಡರು. ಕಾಲುವೆಯ ತಳ ಒಂದಡಿಯಷ್ಟು ಮೇಲೆ ಕೂತಿತು. ಸರ್ವೆಯ ಸಾಲು ಪಿಕಪ್ಪಿನ ಪಕ್ಕದಲ್ಲೇ ಹಾದುಹೋಗಿತ್ತು. ಬೇಸಿಗೆ, ಹಳ್ಳ ಒಣಗಿತ್ತು. ಖಲಾಸಿಯನ್ನು ಕರೆದು “ಅದರ ಮೇಲೊಂದು ಸಲ ಇಡು” ಎಂದಿದ್ದರೆ ಎರಡು ನಿಮಿಷದ ಕೆಲಸ. ಡ್ರಾಯಿಂಗ್ ಇದ್ದಮೇಲೆ ಇಡುವುದೇಕೆ? ಕಲಿಯುವ ಹುಡುಗ ಇಟ್ಟಿರುತ್ತಿದ್ದ, ಅವನಿಗೆ ಸಿಕ್ಕಸಿಕ್ಕ ಕಲ್ಲಿನ ಮೇಲೆಲ್ಲ ಸ್ಟಾಫ್ ಇಡಿಸುವ ಚಟ. ಯಾವುದು ಬೇಡ ಎಂದು ಗೊತ್ತಿರುವುದೇ ಅನುಭವ ಎಂದು ನಾವು ಹೊಗಳುತ್ತೇವೆ.

ಇನ್ನೂ ಒಂದಿದೆ. ತೂಬಿನ ರಿಪೇರಿಯ ಎಂ.ಬಿ., ಅಂದರೆ ಅಳತೆ ಪುಸ್ತಕ, ನಮ್ಮದೇ ಬೀರುವಿನಲ್ಲಿತ್ತು. ತೆಗೆದು ನೋಡಿದೆ. ಮೆಟ್ಟಿಲು ಕಲ್ಲಿನ ಕೆಳಗಿನ ಕಾಂಕ್ರೀಟ್: ಉದ್ದ ಇಷ್ಟು, ಅಗಲ ಇಷ್ಟು, ದಪ್ಪ 0.30 ಮೀಟರ್. ಕೆಳಗೆ ಚೆಕ್ ಮೆಷರ್‌ಮೆಂಟ್ ಮಾಡಿದ್ದಕ್ಕೆ ಸಾಹೇಬರ ರುಜು. ನಮ್ಮ ತಪ್ಪಿನ ಅಳತೆಯನ್ನು ಅವರೇ ಮೊದಲು ಅಳೆದು, ಹಣ ಪಾವತಿ ಮಾಡಿಸಿ, ಬೀರುವಿನಲ್ಲಿಟ್ಟಿದ್ದರು.

ಹೊರಟ ಕಲ್ಲಿಗೇ ವಾಪಸು ಬಂದು ಮುಗಿಸಿದರೆ ಸರ್ವೆ ತಾಳೆಯಾಗಲೇಬೇಕು. ಕಲ್ಲು ಎಲ್ಲಿದ್ದರೇನು, ಹೋದ ದಾರಿ ಬಂದ ದಾರಿ ಒಂದೇ. ಲೆವೆಲ್ ಬುಕ್ಕಿನ ತಾಳೆ ನೋಡುವುದು ನಮ್ಮ ಕೂಡಿಕೆ ಕಳೆಯುವಿಕೆಯನ್ನು, ನಮ್ಮ ಕಣ್ಣನ್ನು. ಕಲ್ಲನ್ನು ಅದು ಕೇಳುವುದೇ ಇಲ್ಲ. ಸಾಹೇಬರಂಥವರು ಹೀಗೆ ಎಡವಿದ್ದು ಹೇಗೆಂದು ನಾನು ಬಹಳ ದಿನ ಯೋಚಿಸಿದ್ದೆ. ಹಬಲ್ ದೂರದರ್ಶಕದ ಕತೆ ಓದಿದಾಗ ಅದು ನಮ್ಮೂರಿನ ಕಲ್ಲಿನದೇ ಕತೆ ಎನಿಸಿತು.

1990ರ ಏಪ್ರಿಲ್‌ನಲ್ಲಿ ಆಕಾಶಕ್ಕೆ ಹೋದ ಹಬಲ್ ಕಳಿಸಿದ ಚಿತ್ರಗಳು ಮಂಜುಮಂಜು. 2.4 ಮೀಟರ್ ಅಗಲದ ಅದರ ಕನ್ನಡಿಯನ್ನು ಉಜ್ಜಿದವರು ಅಮೆರಿಕದ ಪರ್ಕಿನ್-ಎಲ್ಮರ್ ಕಂಪನಿಯವರು. ಉಜ್ಜಿದ್ದರಲ್ಲಿ ದೋಷವಿಲ್ಲ, ಅಂಥ ನುಣುಪು ಕನ್ನಡಿ ಅಪರೂಪ. ಆದರೆ ಆಕಾರ ತಪ್ಪಿತ್ತು, ಅಂಚು ಬೇಕಾದ್ದಕ್ಕಿಂತ ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆ. ಆಕಾರ ಪರೀಕ್ಷಿಸುವ ಉಪಕರಣವನ್ನು ಜೋಡಿಸುವಾಗ ಒಂದು ಅಳತೆಕೋಲಿನ ತುದಿಗೆ ಬಡಿದು ಮರಳಬೇಕಿದ್ದ ಬೆಳಕು, ತುದಿಯ ಟೋಪಿಯ ಮೇಲೆ ಬಣ್ಣ ಹೋದ ಜಾಗಕ್ಕೆ ಬಡಿದು ಮರಳಿತ್ತು. ಅಲ್ಲಿಗೆ ಒಂದು ಮಸೂರ 1.3 ಮಿಲಿಮೀಟರ್ ಆಚೆ ಕೂತಿತು. ಜಾಗ ಹೊಂದದಿದ್ದಾಗ ಕೆಲಸಗಾರರು ವಾಷರ್ ಕೊಟ್ಟು ಹೊಂದಿಸಿದರು. ಆ ಉಪಕರಣ ಹೇಳಿದಂತೆ ಕನ್ನಡಿ ಉಜ್ಜಿದರು, ಉಜ್ಜಿದ್ದು ಸರಿಯೇ ಎಂದು ಕೇಳಿದ್ದೂ ಅದನ್ನೇ. ಅದು ಸರಿ ಎಂದಿತು. ಬೇರೆ ಏನು ಹೇಳೀತು?

ಕತೆಯ ಸ್ವಾರಸ್ಯ ಇದರ ಮುಂದೆ ಇದೆ. ಇನ್ನೂ ಎರಡು ಸರಳ ಉಪಕರಣಗಳಲ್ಲಿ ನೋಡಿದಾಗ ಏನೋ ವ್ಯತ್ಯಾಸ ಕಂಡಿತ್ತು. ಅವು ಅಷ್ಟು ನಿಖರವಲ್ಲ, ದೊಡ್ಡ ಉಪಕರಣದ ಮಾತೇ ಪ್ರಮಾಣ ಎಂದು ತಜ್ಞರು ಬದಿಗೆ ಸರಿಸಿದರು. ತೂಬಿನಜ್ಜನ ಹಾಗೆಯೇ ನಗೆಗೀಡಾದ ಸಾಕ್ಷಿಗಳು ಎಂದುಕೊಳ್ಳಿ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಹಬಲ್‌ಗೆ ಕನ್ನಡಕ ತೊಡಿಸಿ ಬಂದರು.

ಲೆವೆಲ್ ತೆಗೆಯುವವರ ನಡುವೆ ಓಡಾಡುವ ಇನ್ನೊಂದು ಕತೆ ಲೌಫೆನ್‌ಬುರ್ಗ್ ಸೇತುವೆಯದು. ರೈನ್ ನದಿಯ ಈಚೆ ಜರ್ಮನಿ, ಆಚೆ ಸ್ವಿಟ್ಜರ್ಲೆಂಡ್. ಒಬ್ಬರು ಸಮುದ್ರಮಟ್ಟ ಹಿಡಿಯುವುದು ಉತ್ತರ ಸಮುದ್ರದಿಂದ, ಇನ್ನೊಬ್ಬರು ಮೆಡಿಟರೇನಿಯನ್ನಿನಿಂದ. ಎರಡರ ನಡುವೆ 27 ಸೆಂಟಿಮೀಟರ್ ಅಂತರವಿದೆಯೆಂದು ಇಬ್ಬರಿಗೂ ಗೊತ್ತಿತ್ತು, ಲೆಕ್ಕಕ್ಕೂ ಹಿಡಿದರು. ಕಳೆಯಬೇಕಾದಲ್ಲಿ ಕೂಡಿದರು. 2003ರಲ್ಲಿ ಎರಡು ಬದಿಯ ಕೆಲಸ ಹತ್ತಿರ ಬಂದಾಗ ಅಂತರ 54 ಸೆಂಟಿಮೀಟರ್. ಗೊತ್ತಿಲ್ಲದೆ ಬಿಟ್ಟಿದ್ದರೆ ಅರ್ಧದಷ್ಟೇ ತಪ್ಪಾಗುತ್ತಿತ್ತು. ಈ ಕತೆ ಕೇಳಿ ನಗದ ಇಂಜಿನಿಯರನ್ನು ನಾನು ಕಂಡಿಲ್ಲ. ನಕ್ಕಾದ ಮೇಲೆ ತಮ್ಮ ಲೆವೆಲ್ ಬುಕ್ಕನ್ನು ಇನ್ನೊಂದು ಸಲ ತಿರುವದವರನ್ನೂ ಕಂಡಿಲ್ಲ.

ಇಷ್ಟು ಕೇಳಿದವರು, ‘ನೋಡಿ, ಓದಿದವರಿಗಿಂತ ಹಳ್ಳಿಯವನೇ ಮೇಲು’ ಎಂದುಬಿಡುತ್ತಾರೆ. ಅದನ್ನು ನಾನು ಒಪ್ಪುವವನಲ್ಲ. ಕೋಡಿಯ ಮೇಲೆ ಕಲ್ಲು ಮಣ್ಣು ಪೇರಿಸಿ ಕೆರೆಗೆ ಇನ್ನೊಂದಡಿ ನೀರು ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿ ಸರ್ವೇಸಾಮಾನ್ಯ. ಸಾಮಾನ್ಯ ಬುದ್ಧಿಗೆ ಅದು ಸರಿಯೇ: ಕೋಡಿ ಎತ್ತರಿಸಿದರೆ ನೀರು ಹೆಚ್ಚು ನಿಲ್ಲುತ್ತದೆ, ನಿಂತರೆ ಇನ್ನೊಂದು ಬೆಳೆ. ಏರಿ ಅಷ್ಟೇ ಎತ್ತರ ಇದೆ, ದೊಡ್ಡ ಮಳೆಗೆಂದು ಬಿಟ್ಟ ತೆರಪನ್ನು ನಾವು ತಿಂದೆವು ಎಂಬುದು ತೋಚುವುದಿಲ್ಲ. ಏರಿಯ ಮೇಲೆ ನೀರು ಉಕ್ಕಿತೋ, ಮಣ್ಣಿನ ಏರಿ ಬೆಳಗಾಗುವವರೆಗೆ ಉಳಿಯುವುದಿಲ್ಲ. ಕಾಂಕ್ರೀಟಿನದೂ ಅದೇ ಕತೆ. ಮೇಸ್ತ್ರಿಗೆ ಮಾಲು ಸಲೀಸಾಗಿ ಹರಿಯಬೇಕು, ಅದಕ್ಕೆ ಇನ್ನೊಂದು ಕೊಡ ನೀರು. ಸಿಮೆಂಟಿಗೆ ನೀರು ಹೆಚ್ಚಾದಷ್ಟೂ ಬಲ ಕುಂದುತ್ತದೆ ಎಂದು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲಿ ತೋರಿಸಿಕೊಟ್ಟ. ನೂರು ವರ್ಷ ಕಳೆದರೂ ನಾನು ನೋಡಿದ ಸೈಟುಗಳಲ್ಲಿ ಆ ಕೊಡ ನಿಂತಿಲ್ಲ. ಗುಡ್ಡದ ಕಾಲುವೆಯಲ್ಲಿ ತೂಬಿನಜ್ಜ ತಪ್ಪಿದ್ದೂ ಅವನ ಕಣ್ಣನ್ನು ಅವನು ಪೂರಾ ನಂಬಿದ್ದರಿಂದಲೇ.

ಅವನ ಕಣ್ಣು ನಮ್ಮ ಗಾಜಿಗಿಂತ ಮೇಲೇನಲ್ಲ. ಅದು ಬೇರೆ ಕಲ್ಲಿನಿಂದ ಹೊರಟ ಅಳತೆ, ಅಷ್ಟೆ. ನಮಗೆ ಆ ದಿನ ಬೇಕಾಗಿದ್ದದ್ದು ಅದೇ.

ಅವನು ಮೊದಲೇ ಏಕೆ ಹೇಳಲಿಲ್ಲ? ಪಿಕಪ್ಪಿನ ದಂಡೆಯಲ್ಲಿ ನಾನು ಕೇಳಿದ್ದೆ.

“ಸರ್ವೆಗೆ ಬಂದಾಗ ಸಾಹೇಬ್ರು ಆ ಕಲ್ಲಿನ ಮ್ಯಾಲೇ ಕೋಲು ನಿಲ್ಸುದ್ರು. ಅವ್ರೇ ನಿಂತು ಮಾಡ್ಸಿದ ರಿಪೇರಿ. ಗೊತ್ತಿದ್ದೇ ನಿಲ್ಸವ್ರೆ ಅಂದ್ಕಂಡೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದ: “ಗೊತ್ತಿಲ್ಲ ಅಂತ್ಲೇ ಇಟ್ಕಳಿ. ಹೋದ್ಸಲ ಬಾಯಿ ಬಿಟ್ಟು ನಗೆಪಾಟ್ಲಾಗಿದ್ದು ಸಾಲ್ದಾ ಸ್ವಾಮಿ?”

ಖಲಾಸಿಯನ್ನೂ ಕೇಳಿದೆ. ರಿಪೇರಿಯಲ್ಲಿ ಆ ಕಲ್ಲನ್ನು ಹಾರೆ ಕೊಟ್ಟು ಎತ್ತಿದವರಲ್ಲಿ ಅವನೂ ಒಬ್ಬ. ಸರ್ವೆಯ ದಿನ ಅದೇ ಕಲ್ಲಿನ ಮೇಲೆ ಸ್ಟಾಫ್ ಹಿಡಿದು ನೆಟ್ಟಗೆ ನಿಂತಿದ್ದ. “ಎಲ್ಲಿ ಹಿಡಿ ಅಂತಾರೋ ಅಲ್ಲಿ ಹಿಡಿಯೋದು ಸಾರ್ ನನ್ ಕೆಲ್ಸ” ಎಂದ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಬಾಯಿ ಬಿಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮುಚ್ಚು ಎಂದು ಹೇಳಿದವರು ಬಹಳ ಮಂದಿ.

ಮುಚ್ಚಿದ ಬಾಯಿಯ ಕತೆ ಬೇರೆಡೆಯೂ ಇದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಮಂಜಿನಲ್ಲಿ ಗುದ್ದಿಕೊಂಡು 583 ಜನ ಸತ್ತರು. ಅಪ್ಪಣೆ ಇಲ್ಲದೆ ಹಾರಲು ಹೊರಟ ಕೆ.ಎಲ್.ಎಂ. ವಿಮಾನದ ಕ್ಯಾಪ್ಟನ್ ಸಾಮಾನ್ಯನಲ್ಲ, ಕಂಪನಿಯ ಉಳಿದ ಪೈಲಟ್‌ಗಳಿಗೆ ಜಂಬೋ ಕಲಿಸುತ್ತಿದ್ದವನು. ಜಾಹೀರಾತಿನಲ್ಲಿ ಅವನದೇ ಮುಖ. ವಿಮಾನ ಓಡತೊಡಗಿದ ಮೇಲೆ ಹಿಂದೆ ಕೂತಿದ್ದ ಫ್ಲೈಟ್ ಇಂಜಿನಿಯರ್, ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನೋ ಎಂದು ಕೇಳಿದ. ಕ್ಯಾಪ್ಟನ್ ಬಿಟ್ಟಿದೆ ಎಂದ. ಇವನು ಮತ್ತೆ ಕೇಳಲಿಲ್ಲ. ಆ ದುರಂತದ ತನಿಖೆಯನ್ನು ಜಗತ್ತೆಲ್ಲ ಓದಿತು. ಕಿರಿಯನಾದವನು ಹಿರಿಯನಿಗೆ ತಪ್ಪು ಹೇಳುವುದನ್ನು, ಹಿರಿಯ ಅದನ್ನು ಕೇಳಿಸಿಕೊಳ್ಳುವುದನ್ನು ವಿಮಾನದವರು ತರಬೇತಿಯ ಪಾಠವಾಗಿಯೇ ಕಲಿಸತೊಡಗಿದರು. ಹಬಲ್ ತನಿಖೆಯ ವರದಿಯಲ್ಲೂ ಆ ವಾಷರ್ ಸಮೇತ ಎಲ್ಲ ದಾಖಲಾಗಿದೆ.

ನಮ್ಮಲ್ಲಿ ಏನಾಯಿತು ಎಂದರೆ, ಸಾಹೇಬರು ಸೈಟಿಗೆ ಬಂದು ಪಿಕಪ್ಪಿನ ನೆತ್ತಿಯ ಮೇಲೆ ಸ್ಟಾಫ್ ಹಿಡಿಸಿ ತಾವೇ ಓದಿದರು. ಇನ್ನೊಂದು ಸಲ ಓದಿದರು. ಟ್ರೈಪಾಡ್ ಮಡಿಸಿಡಲು ಹೇಳಿ, ತೂಬಿನಜ್ಜ ನಿಂತಿದ್ದ ಕಡೆ ಹೋಗಿ, “ಅವತ್ತು ಹೇಳಬಾರದಾಗಿತ್ತೇನಯ್ಯ” ಎಂದರು. ಬೈಗುಳದ ದನಿಯಲ್ಲ. ಅಜ್ಜ ಕೈಮುಗಿದ. ಒಣಕೆರೆ ಬಹಳ ತಗ್ಗಿನಲ್ಲಿದ್ದದ್ದು ಪುಣ್ಯ. ತಲೆಯಿಂದ ಅರ್ಧ ದಾರಿಯವರೆಗೆ ಕಾಲುವೆಯ ತಳ ಕೆರೆದು, ಇಳಿಜಾರು ಕೊಂಚ ಕಡಿಮೆ ಮಾಡಿದರೆ ನೀರು ಹೋಗುತ್ತಿತ್ತು. ಹಾಗೇ ಮಾಡಿದರು, ಹೋಯಿತು. ಈಗಲೂ ಹೋಗುತ್ತಿದೆ.

ಕೆರೆದ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯುವುದೆಂಬ ಪ್ರಶ್ನೆ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮೇಲಿನಿಂದ ಬರುವುದು ವಿವರಣೆ ಕೇಳುವ ಮೆಮೊ, ಆಮೇಲೆ ಸಂಬಳದಿಂದ ವಸೂಲಿ, ಬಡ್ತಿಗೆ ಕಲ್ಲು. ತಪ್ಪನ್ನು ಒಪ್ಪಿಕೊಂಡವನಿಗೆ ಕೊಡಲು ನಮ್ಮ ನಿಯಮಗಳಲ್ಲಿ ಬೇರೆ ಏನೂ ಇರಲಿಲ್ಲ. ಗುತ್ತಿಗೆದಾರನ ಕಾಫಿ ಕುಡಿಯದ ಮನುಷ್ಯ ಎರಡು ದಿನ ಫೈಲು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಮೂರನೆಯ ದಿನ ಅದು ರುಜುವಾಗಿ ಹೋಯಿತು.

ನಾನು ನಿವೃತ್ತಿಯ ಅಂಚಿನಲ್ಲಿದ್ದಾಗ ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಪಾಠ ಮಾಡಲು ಕರೆದಿದ್ದರು. ಈ ಕಾಲುವೆಯನ್ನೇ ಉದಾಹರಣೆಯಾಗಿ ಹೇಳೋಣ, ಕಾಗದ ತೋರಿಸಿದರೆ ನಂಬುತ್ತಾರೆ ಎಂದು ಹಳೆಯ ಫೈಲು ಹುಡುಕಿಸಿದೆ. ಸಿಕ್ಕಿತು. ಧೂಳು ಒರೆಸಿ ತಿರುವಿದರೆ ಬೆಂಚ್‌ಮಾರ್ಕಿನ ಮಾತು ಒಂದು ಸಾಲೂ ಇಲ್ಲ. ಇದ್ದದ್ದು ಒಂದು ಹೆಚ್ಚುವರಿ ಐಟಂ: ಕಾಲುವೆಯಲ್ಲಿ ತುಂಬಿದ್ದ ಹೂಳು ತೆಗೆದದ್ದು, ತಲೆಯಲ್ಲಿ ಆಳ 0.28 ಮೀಟರ್. ನೀರೇ ಹರಿಯದ ಹೊಸ ಕಾಲುವೆಯಲ್ಲಿ ಅಷ್ಟು ಹೂಳು ಎಲ್ಲಿಂದ ಬಂತೆಂದು ಆಡಿಟ್‌ನವರೂ ಕೇಳಿರಲಿಲ್ಲ. ಲೆಕ್ಕ ತಾಳೆ ಇತ್ತು.